ವೈನಿಯ ಸೈಕಲ್ಲು ನನ್ನದಾದದ್ದು

ನಮ್ಮ ವೈನಿಯ ಬಲಗಾಲಿನ ಮೀನಖಂಡದ ಮೇಲೆ ಐದು ಕಪ್ಪು ಚುಕ್ಕೆಗಳಿದ್ದವು, ಕಮಾನಿನ ಹಾಗೆ ಒಂದರ ಪಕ್ಕ ಒಂದು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಸೇರು ಒದೆಯಲು ಸೀರೆ ತುಸು ಎತ್ತಿದರಲ್ಲ, ಆಗ ಅದು ಅವ್ವನ ಕಣ್ಣಿಗೆ ಬಿತ್ತು. "ಏನವಾ ಇದು, ನಾಯಿ ಕಡದೈತೇನು?" ಎಂದು ಎಲ್ಲರೆದುರಿಗೇ ಕೇಳಿದಳು. ವೈನಿ ತಲೆ ತಗ್ಗಿಸಲಿಲ್ಲ. "ನಾಯಿ ಅಲ್ರಿ ಅತ್ತಿ, ಸೈಕಲ್ ಚೈನಿನ ಚಕ್ರದ ಹಲ್ಲು. ಓಟದಾಗ ಬಿದ್ದಾಗ ಕಚ್ಚೇದ" ಎಂದರು. ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತು ಅಷ್ಟು ಮಾತಾಡಿದ್ದು ನಮ್ಮ ಅಸೂಟಿಯ ಹೆಂಗಸರಿಗೆ ವಾರಗಟ್ಟಲೆ ಆಡಿಕೊಳ್ಳಲು ಸಾಕಾಯಿತು.

ವೈನಿ ವಿಜಯಪುರದ ಕಡೆಯವರು. ಕ್ರೀಡಾ ವಸತಿನಿಲಯದಲ್ಲಿದ್ದು ಸೈಕಲ್ ತುಳಿದೇ ಬೆಳೆದವರು, ರಾಜ್ಯಮಟ್ಟದಲ್ಲಿ ಪದಕ ತಂದವರು. ನೌಕರಿ ಬಂದೇ ಬಿಟ್ಟಿತು ಅನ್ನುವಷ್ಟು ಹತ್ತಿರ ಬಂದು ತಪ್ಪಿತು. ವಯಸ್ಸು ಮೀರುತ್ತದೆಂದು ತವರಿನವರು ನಮ್ಮ ಅಣ್ಣನಿಗೆ ಕೊಟ್ಟು ಕೈ ತೊಳೆದುಕೊಂಡರು. ಅಣ್ಣ ರೋಣದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಮನೆಯಲ್ಲಿ ಬಾಯಿ ಬಿಚ್ಚುವವನಲ್ಲ. ಪಾತ್ರೆ, ಪಲ್ಲಂಗದ ಜೊತೆ ವೈನಿಯ ಓಟದ ಸೈಕಲ್ಲೂ ಟೆಂಪೋದಲ್ಲಿ ಬಂತು. ಅವ್ವ ಅದನ್ನು ಜೋಳದ ಚೀಲದ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿಸಿದಳು. ಆರು ವರ್ಷ ಅದು ಅಲ್ಲೇ ತೂಗಿತು.

ಮಗಳು ಸಾಲಿಗೆ ಹೋಗುವಂತಾದ ಮೇಲೆ ವೈನಿ ರೋಣದ ಒಂದು ಸಾಲಿಯಲ್ಲಿ ಆಟದ ಮೇಡಮ್ ಆದರು. ಅದೇ ಹೊತ್ತಿಗೆ ನನಗೆ ಸೈಕಲ್ ಹುಚ್ಚು ಹತ್ತಿತ್ತು. ಇಪ್ಪತ್ತೊಂದರ ವಯಸ್ಸು, ಡಿಗ್ರಿಯಲ್ಲಿ ಎರಡು ವಿಷಯ ಹಿಂದೆ ಬಿದ್ದಿದ್ದವು, ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಗೂಟದ ಮೇಲಿನ ಸೈಕಲ್ಲನ್ನು ಇಳಿಸಿ ತುಳಿಯುತ್ತೇನೆ ಎಂದೆ. ವೈನಿ ನಾನು ತುಳಿಯುವುದನ್ನು ಅಗಸಿಯ ತನಕ ನೋಡಿ, "ಹಿಟ್ಟ ಬೀಸಾಕತ್ತಿಯೋ, ಸೈಕಲ್ ತುಳ್ಯಾಕತ್ತಿಯೋ?" ಎಂದರು. ಮರುದಿನ ಬೆಳಗಿನಿಂದ ನನ್ನನ್ನು ಕೈಗೆ ತೆಗೆದುಕೊಂಡರು.

ಕನಿಕರ ಎಂಬುದು ಆ ಹೆಂಗಸಿನ ಮೈಯಲ್ಲೇ ಇರಲಿಲ್ಲ. ನರೇಗಲ್ಲಿನ ಕಡೆಗೆ ಎದುರುಗಾಳಿಯಲ್ಲಿ ನನ್ನನ್ನೇ ಮುಂದೆ ಬಿಟ್ಟು, ಅಣ್ಣನ ಮೋಟರ್ ಸೈಕಲ್ಲಿನ ಮೇಲೆ ಹಿಂದಿನಿಂದ ಬರುತ್ತಿದ್ದರು. ವಾಂತಿ ಮಾಡಿಕೊಂಡರೆ, "ಮುಗೀತೇನು? ನಡಿ" ಎನ್ನುವರು. "ಹೆಣದಂಗ ಕುಂಡರಬ್ಯಾಡ, ಬೆನ್ನ ಬಗ್ಗಸು." "ನಿಮ್ಮವ್ವ ಬೆಣ್ಣಿ ಹಾಕಿ ಸಾಕ್ಯಾಳ, ಕಾಲಾಗ ಬರೇ ಬೆಣ್ಣೀನ ಅದ." ಇಂಥವು ದಿನಕ್ಕೆ ಇಪ್ಪತ್ತು ಬೀಳುತ್ತಿದ್ದವು. ಒಮ್ಮೆ ತಿರುವಿನಲ್ಲಿ ಜಾರಿ ಬಿದ್ದೆ. ಮೊಣಕಾಲು ಬಿರಿದು ರಕ್ತ ಕಾಲುಚೀಲದೊಳಗೆ ಇಳಿಯುತ್ತಿತ್ತು. ವೈನಿ ನನ್ನನ್ನು ದಾಟಿ ಹೋಗಿ ಸೈಕಲ್ಲನ್ನು ಎತ್ತಿ, ಹಿಂದಿನ ಗೇರು ಸಿಕ್ಕಿಸುವ ಕೊಂಡಿ ಸೊಟ್ಟಗಾಗಿದೆಯೇನೋ ಎಂದು ಒಂದು ಕಣ್ಣು ಮುಚ್ಚಿ ನೋಡಿದರು.

"ವೈನಿ, ರಕ್ತ ಬರಾಕತ್ತೈತ್ರಿ."

"ಕಾಣ್ತದ. ಮೊಣಕಾಲ ತಾನ ಕೂಡ್ತದ, ಕೊಂಡಿ ಕೂಡಂಗಿಲ್ಲ."

ಬಾಟಲಿಯಲ್ಲಿ ಉಳಿದ ನೀರನ್ನು ಗಾಯದ ಮೇಲೆ ಸುರಿದು, ಸೈಕಲ್ ಹತ್ತು ಎಂದರು. ಹತ್ತಿದೆ. ನಿಜ ಹೇಳಬೇಕೆಂದರೆ, ಅವರು ಬೈದ ದಿನ ನನಗೆ ರೊಟ್ಟಿ ಎರಡು ಹೆಚ್ಚೇ ಹೋಗುತ್ತಿತ್ತು. ಮನೆಯಲ್ಲಿ ನನ್ನ ಮೇಲೆ ಅಷ್ಟು ಲಕ್ಷ್ಯ ಇಟ್ಟವರು ಬೇರೆ ಯಾರೂ ಇರಲಿಲ್ಲ.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿ ಫ್ಯಾನುಗಳನ್ನು ನಿಲ್ಲಿಸುವಾಗ ಲಾರಿ ಹೋಗಲೆಂದು ಅವುಗಳ ಬುಡದ ತನಕ ಗರಸಿನ ದಾರಿ ಹಾಕಿದ್ದಾರೆ. ಆ ದಾರಿಗಳಲ್ಲಿ ಗ್ರ್ಯಾವೆಲ್ ಸೈಕಲ್ ಓಟ ಇಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ವೈನಿ ಬೇರೆಯೇ ಮನುಷ್ಯರಾದರು. ಗ್ರ್ಯಾವೆಲ್ ಸೈಕಲ್ ನೋಡಲು ಓಟದ ಸೈಕಲ್ಲಿನ ಹಾಗೇ ಇರುತ್ತದೆ, ಹ್ಯಾಂಡಲ್ಲೂ ಹಾಗೇ ಬಾಗಿರುತ್ತದೆ. ಆದರೆ ಟೈರು ದಪ್ಪ, ಮೈ ಗಟ್ಟಿ. ಬ್ರೇಕು ಗಾಲಿಯ ಅಂಚು ಹಿಡಿಯುವುದಿಲ್ಲ, ಗಾಲಿಯ ನಡುವಿನ ಸಣ್ಣ ಉಕ್ಕಿನ ತಾಟನ್ನು ಎರಡು ಕಡೆಯಿಂದ ಒತ್ತಿ ಹಿಡಿಯುತ್ತದೆ. ಸಾಲಿಯಲ್ಲಿ ದುಡಿದದ್ದನ್ನು ಕೂಡಿಸಿಕೊಂಡು, ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟರು.

ಅಂಗಡಿಯಲ್ಲಿ ನನ್ನ ಕಣ್ಣು ಒಂದು ಕೆಂಪು ಕಾರ್ಬನ್ ಸೈಕಲ್ಲಿಗೆ ಅಂಟಿಕೊಂಡಿತು. ಕಿರುಬೆರಳಿನಿಂದ ಎತ್ತಬಹುದಾಗಿತ್ತು. ವೈನಿ ಅದರ ಮುಂದಿನ ಗಾಲಿಗೂ ಮೇಲಿನ ಕವಲಿಗೂ ನಡುವೆ ಬೆರಳು ತೂರಿಸಿ ನೋಡಿದರು. ಬೆರಳು ಸಿಕ್ಕಿಕೊಂಡಿತು. "ಇದನ್ನ ಮಾಡಿದಾಂವ ನಮ್ಮ ಎರಿ ಮಣ್ಣ ಕಂಡಿಲ್ಲ. ಒಂದ ಹನಿ ಮಳಿ ಬಿದ್ರ ಇಲ್ಲಿ ರೊಟ್ಟಿ ತಟ್ಟಿದಂಗ ಕೂಡ್ತದ. ಆಮ್ಯಾಲ ಸೈಕಲ್ಲ ನಾವು ಹೊರಬೇಕು" ಎಂದರು. ಕೊನೆಗೆ ಆರಿಸಿದ್ದು ಮೂಲೆಯಲ್ಲಿದ್ದ ಬೂದಿ ಬಣ್ಣದ ಅಲ್ಯುಮಿನಿಯಂ ಸೈಕಲ್ಲನ್ನು. ಯಾರೋ ಒಂದು ವರ್ಷ ತುಳಿದು ಬಿಟ್ಟದ್ದು. ಗಾಲಿಯ ಸುತ್ತ ಬೆರಳು ಸಲೀಸಾಗಿ ತಿರುಗುತ್ತಿತ್ತು. ನನಗೆ ಅದು ಅಣ್ಣನ ಅಂಗಡಿಯ ತಕ್ಕಡಿಯಷ್ಟೂ ಚಂದ ಕಾಣಲಿಲ್ಲ.

ಅದನ್ನು ತಿದ್ದಲು ಮೂರು ತಿಂಗಳು ಹಿಡಿಯಿತು. "ಮೊದಲ ಗಾಲಿ, ಆಮ್ಯಾಲ ಗೇರು, ಚಂದ ಕಡೀಕ" ಎನ್ನುತ್ತಿದ್ದರು. ಟ್ಯೂಬು ಕಿತ್ತು ಹಾಕಿ, ಮುಳ್ಳು ಚುಚ್ಚಿದರೂ ತಾನೇ ಮುಚ್ಚಿಕೊಳ್ಳುವ ದ್ರವ ತುಂಬಿದ ಟೈರು ಹಾಕಿಸಿದರು. ಗುಡ್ಡದ ಏರಿಗೆಂದು ಹಿಂದೆ ದೊಡ್ಡ ಹಲ್ಲಿನ ಚಕ್ರ ಬಂತು. ಸೀಟಿನ ಎತ್ತರವನ್ನು ಗೋಡೆಗೆ ಆತು ನಿಂತು, ನೂಲಿನಿಂದ ಅಳೆದು ಅಳೆದು ಹೊಂದಿಸಿದರು. ಬ್ರೇಕಿನ ತಾಟಿನ ವಿಷಯದಲ್ಲಂತೂ ಮಡಿ. "ಇದಕ್ಕ ಬೆರಳ ಸುದ್ದಾ ತಾಗಸಬ್ಯಾಡ, ತಮ್ಮಾ. ಬೆವರಿನ ಜಿಡ್ಡ ಕುಂತ್ರೂ ಬ್ರೇಕ್ ಹಿಡಿಯಂಗಿಲ್ಲ." ಸ್ಪಿರಿಟ್ಟಿನ ಬಾಟಲಿ, ಬಿಳಿ ಬಟ್ಟೆ ಗೂಡಿನಲ್ಲಿ ಇರುತ್ತಿದ್ದವು. ತಾಟು ಒರೆಸುವ ಕೆಲಸ ನನ್ನದು.

ಆ ಬೂದಿ ಸೈಕಲ್ಲು ಅವರ ಕೆಳಗೆ ನೀರಿನ ಹಾಗೆ ಹರಿಯುತ್ತಿತ್ತು. ನಾನು ಹಳೆಯದರ ಮೇಲೆ ಹಲ್ಲು ಕಟಕಟಿಸಿಕೊಂಡು ಹಿಂದೆ ಬೀಳುತ್ತಿದ್ದೆ. ಒಂದು ಮಗುವಿನ ತಾಯಿ, ಆರು ವರ್ಷ ಪೆಡಲು ಮುಟ್ಟದವರು, ಮೂರು ತಿಂಗಳಲ್ಲಿ ನನ್ನನ್ನು ಧೂಳಿನಲ್ಲಿ ಬಿಟ್ಟು ಹೋದರು. ಸೈಕಲ್ಲಿನ ಕರಾಮತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅದೇ ಸೈಕಲ್ಲು ನನ್ನ ಕೆಳಗಿದ್ದಿದ್ದರೆ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಏನು ಪ್ರಯೋಜನ.

ಇತ್ತ ಅವ್ವನ ಮುಖ ದಿನಾ ಗಂಟು. "ಸೊಸಿ ಪ್ಯಾಂಟ್ ಹಾಕ್ಕೊಂಡು ಸೈಕಲ್ ಹೊಡಕೋತ ಗುಡ್ಡಾ ತಿರಗಿದ್ರ ಊರಾಗ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದು ಅಣ್ಣನನ್ನು ಹಿಡಿದು ಕೇಳುವಳು. ಅವನು ಅಂಗಡಿಗೆ ಹೊತ್ತಾಯಿತು ಎಂದು ಜಾರುವನು. ಓಟದಲ್ಲಿ ಮೊದಲ ಮೂವರು ಹೆಂಗಸರನ್ನು ದೊಡ್ಡ ತರಬೇತಿ ಶಿಬಿರಕ್ಕೆ ಕರೆಯುತ್ತಾರೆ, ಅಲ್ಲಿಂದ ದೇಶದ ಓಟಕ್ಕೆ ದಾರಿ ಎಂದು ತಿಳಿದ ದಿನ ವೈನಿಯೇ ಅವ್ವನೆದುರು ಕೂತು ಕೇಳಿದರು. ಅವ್ವ ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಹೇಳಿದಳು: "ಮೂರರಾಗ ಬಂದ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಬರಲಿಲ್ಲ ಅಂದ್ರ ಸೈಕಲ್ ಸಣ್ಣಾಂವಗ ಕೊಟ್ಟು ಸುಮ್ಮನ ಮನ್ಯಾಗ ಇರಬೇಕು."

"ಆತ್ರಿ ಅತ್ತಿ" ಎಂದರು ವೈನಿ. ಹೊರಗೆ ಬಂದು ನನಗೆ, "ಇದ ಕಡೀದು, ತಮ್ಮಾ. ಇದ ತಪ್ಪಿದ್ರ ಮತ್ತ ನನ್ನ ಯಾರೂ ಕರಿಯಂಗಿಲ್ಲ" ಎಂದರು. ಸಣ್ಣವನು ನಾನೇ. ಅವತ್ತು ರಾತ್ರಿ ನನಗೆ ಚಲೋ ನಿದ್ದೆ ಬಂತು.

ಓಟ ಬನ್ನಿ ಹಬ್ಬದ ಮರುದಿನ. ಓಟಕ್ಕೆ ಎರಡು ದಿನ ಮೊದಲು ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅವತ್ತು ಅವ್ವ ಕೂರಿಗೆ, ಕುಂಟೆ, ಕೊಡಲಿ, ಕುಡುಗೋಲುಗಳನ್ನು ತೊಳೆದು ಅಂಗಳದಲ್ಲಿ ಸಾಲಾಗಿ ಇಡುತ್ತಾಳೆ. ಕುಸುಬಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕಬ್ಬಿಣವೆಲ್ಲ ಹೊಳೆಯುವಂತೆ ಒರೆಸುತ್ತಾಳೆ. ಆಮೇಲೆ ವಿಭೂತಿ, ಕುಂಕುಮ, ಚೆಂಡು ಹೂವು. ಪೂಜೆಯಾದ ವಸ್ತುವನ್ನು ಬನ್ನಿ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ವೈನಿ ಸಾಲಿಯ ಪೂಜೆಗೆಂದು ಮಗಳನ್ನು ಕರೆದುಕೊಂಡು ರೋಣಕ್ಕೆ ಹೋಗಿದ್ದರು. ಅವ್ವ ಎಲ್ಲ ಮುಗಿಸಿ ಸೊಂಟ ಹಿಡಿದುಕೊಂಡು ಎದ್ದವಳು, ಒಮ್ಮೆಲೇ, "ಆಕಿ ಸೈಕಲ್ಲೂ ತಗೊಂಬಾ" ಎಂದಳು.

ನಾನು ನಂಬಲಿಲ್ಲ. ತಂದೆ. ಅವ್ವ ಅದನ್ನು ಮಗುವಿನ ಹಾಗೆ ತೊಳೆದಳು. ಚೈನಿಗೆ ಎಣ್ಣೆ ಬಿಟ್ಟಳು, ಹ್ಯಾಂಡಲ್ಲಿಗೆ ಹೂವು ಸುತ್ತಿದಳು. ಹಾಗೇ ಬಗ್ಗಿ ಗಾಲಿಯ ನಡುವೆ ಕಣ್ಣಿಟ್ಟು, "ಈ ತಾಟ ಯಾಕ ಇಷ್ಟ ಮಸಕ ಆಗೈತಿ, ಯಾರೂ ವರಸೇ ಇಲ್ಲೇನ" ಎಂದು, ಎಣ್ಣೆ ಬಟ್ಟೆಯಿಂದ ಎರಡೂ ತಾಟುಗಳನ್ನು ಉಜ್ಜಿ ಉಜ್ಜಿ ಒರೆಸಿದಳು. ಎಣ್ಣೆ ತಾಟನ್ನು ಒತ್ತಿ ಹಿಡಿಯುವ ಬ್ರೇಕಿನ ಬಿಲ್ಲೆಗಳಿಗೂ ಇಳಿಯಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದೆ. "ಅವ್ವಾ, ಅದಕ್ಕ ಬ್ಯಾಡ" ಎನ್ನಲು ಎರಡು ಉಸಿರು ಸಾಕಿತ್ತು.

ಇದನ್ನು ನಾನು ಬಹಳ ವರ್ಷ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡಿದ್ದೇನೆ. ಅವ್ವ ಮೊದಲ ಸಲ ಸೊಸೆಯ ಸೈಕಲ್ಲನ್ನು ಪ್ರೀತಿಯಿಂದ ಮುಟ್ಟಿದ್ದಳು, ಅವಳ ಮನಸ್ಸು ಮುರಿಯಬಾರದೆಂದು ಸುಮ್ಮನಾದೆ ಎಂದು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿದರಾಯಿತು ಅಂದುಕೊಂಡೆ, ಮರೆತೆ ಎಂದು. ಮರೆತಿರಲಿಲ್ಲ. ಗೂಡಿನಲ್ಲಿ ಬಾಟಲಿ ಎರಡು ದಿನ ನನ್ನ ಕಣ್ಣೆದುರಿಗೇ ಇತ್ತು. ವೈನಿ ಬೀಳಲಿ ಎಂದು ನಾನು ಬಯಸಲಿಲ್ಲ, ಅದೊಂದು ಖರೇ. ಬ್ರೇಕು ಸರಿ ಹಿಡಿಯದೆ ಇಳಿಜಾರಿನಲ್ಲಿ ನಿಧಾನ ಆಗಲಿ, ನಾಲ್ಕನೆಯವರಾಗಿ ಬರಲಿ, ಅಷ್ಟೇ ನನಗೆ ಬೇಕಾದದ್ದು. ನಾಲ್ಕನೆಯವರಾದರೆ ಸೈಕಲ್ಲು ನನ್ನದು.

ಸಂಜೆ ವೈನಿ ಬಂದು, ಹೂವು ಸುತ್ತಿದ ಸೈಕಲ್ಲನ್ನು ನೋಡಿ ಅಂಗಳದಲ್ಲೇ ನಿಂತರು. "ಅತ್ತಿ ಮಾಡ್ಯಾರ? ಖರೇನ?" ಎಂದು ಎರಡು ಸಲ ಕೇಳಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಕೈ ಮುಂದೆ ಮಾಡಿದವರು, ಪೂಜೆಯಾಗಿದೆ ಎಂದು ಹಿಂದೆಳೆದುಕೊಂಡರು.

"ತಮ್ಮಾ, ತಾಟಿಗೆ ಏನೂ ತಾಗಿಲ್ಲಲ್ಲ?"

"ಇಲ್ರಿ ವೈನಿ, ನಾ ನೋಡೀನಿ."

ಮರುದಿನ ಸಂಜೆ ಬನ್ನಿ ಎಲೆ ಅವರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನಾಚಿಕೆಗೆಟ್ಟವನಿಗೆ ಬೆನ್ನು ಬಗ್ಗಿಸುವುದು ಕಷ್ಟವಲ್ಲ.

ಓಟದ ದಿನ ನಸುಕಿನಲ್ಲಿ ಅಣ್ಣನ ಅಂಗಡಿಯ ಗಾಡಿಯಲ್ಲಿ ಸೈಕಲ್ ಏರಿಸಿಕೊಂಡು ಹೊರಟೆವು. ದಾರಿಯಲ್ಲಿ ಗಾಡಿ ಕೆಟ್ಟು, ಗಜೇಂದ್ರಗಡ ಮುಟ್ಟುವಾಗ ಎಲ್ಲರೂ ಗೆರೆಯ ಮೇಲೆ ನಿಂತಿದ್ದರು. ವೈನಿಗೆ ಮೈ ಬಿಸಿ ಮಾಡಿಕೊಳ್ಳಲೂ ಹೊತ್ತು ಸಿಗಲಿಲ್ಲ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹತ್ತಿ ಹೋದರು. ಮೊದಲು ಗುಡ್ಡದ ಏರು. ಅಲ್ಲಿ ಬ್ರೇಕಿನ ಕೆಲಸವೇ ಇಲ್ಲ. ಆಮೇಲೆ ಫ್ಯಾನುಗಳ ಕೆಳಗೆ ಗರಸಿನ ದಾರಿ, ಕೊನೆಗೆ ಊರಿಗೆ ಇಳಿಜಾರು. ಇಳಿಜಾರು ಸುರುವಾಗುವ ಜಾಗದಲ್ಲಿ ನೀರು ಕೊಡಲು ನಾನು ನಿಂತಿದ್ದೆ.

ಇಬ್ಬರು ಹುಡುಗಿಯರು ದಾಟಿದರು. ಮೂರನೆಯವರು ವೈನಿ. ಮೈಯೆಲ್ಲ ಕೆಂಪು ಧೂಳು, ಹಲ್ಲು ಮಾತ್ರ ಬಿಳಿ. ನನ್ನನ್ನು ಕಂಡು ಬ್ರೇಕು ಹಿಡಿದರು. ಸೈಕಲ್ಲು ಕರ್ರೆಂದು ಕಿರುಚಿತೇ ಹೊರತು ನಿಲ್ಲಲಿಲ್ಲ. ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿಕೊಂಡರು.

"ಬ್ರೇಕ್ ಹಿಡಿವಲ್ದು. ಏನಾಗೇದ ತಮ್ಮಾ ಇದಕ್ಕ?"

ಆಗಲಾದರೂ ಹೇಳಬಹುದಿತ್ತು. ಇಳಿದು ಕೈಯಲ್ಲಿ ಹಿಡಿದು ನಡೆಯಿರಿ ಎನ್ನಬಹುದಿತ್ತು. "ಧೂಳ ಕುಂತಿರಬೇಕ್ರಿ" ಎಂದೆ. "ಹೋಗ್ರಿ, ನಾಲ್ಕನೇದಾಕಿ ಬಂದಳು."

ವೈನಿ ನನ್ನ ಮುಖವನ್ನು ನೋಡಿದರು. ಬಾಟಲಿ ತೆಗೆದುಕೊಳ್ಳಲಿಲ್ಲ. ತಿರುಗಿ ಇಳಿಜಾರಿಗೆ ಬಿದ್ದರು.

ಎರಡನೆಯ ತಿರುವಿನ ಕೆಳಗೆ ಬಂಡೆಗಳ ನಡುವೆ ಸಿಕ್ಕರು. ಎಡತೊಡೆ ಮಡಚಬಾರದ ಜಾಗದಲ್ಲಿ ಮಡಚಿತ್ತು. ನಾನು ಓಡಿ ಹೋಗಿ ಪಕ್ಕದಲ್ಲಿ ಕುಸಿದಾಗ ಅವರು ಅಳುತ್ತಿರಲಿಲ್ಲ. "ಎಷ್ಟನೇದಾಕಿ ಇದ್ದೆ?" ಎಂದು ಕೇಳಿದರು. "ಮೂರನೇದಾಕಿ" ಎಂದೆ. ಕಣ್ಣು ಮುಚ್ಚಿಕೊಂಡರು.

ಗದಗಿನ ದವಾಖಾನೆಯಲ್ಲಿ ತೊಡೆಗೆ ಸಲಾಕೆ ಹಾಕಿದರು. ಎಲುಬು ಕೂಡಿತು, ಆದರೆ ಕಾಲು ಎರಡು ಬೆರಳು ಗಿಡ್ಡವಾಗಿ ಕೂಡಿತು. ನೋಡಲು ಬಂದವರಿಗೆಲ್ಲ ಅವ್ವ ಒಂದೇ ಮಾತು ಹೇಳಿದಳು: "ನಾ ಪೂಜಿ ಮಾಡಿದ್ದಕ್ಕ ಕಾಲಿನ್ಯಾಗ ಹೋತು. ಇಲ್ಲಂದ್ರ ಜೀವಾನ ಹೋಗ್ತಿತ್ತು." ವೈನಿ ಪ್ರತಿ ಸಲ, "ಹೌದ್ರಿ ಅತ್ತಿ. ನಾನ ಜೋರ ಇಳದೆ, ತಪ್ಪ ನಂದ" ಎಂದರು.

ಮನೆಗೆ ಬಂದ ಮೇಲೆ ಒಂದು ದಿನ ನನ್ನನ್ನು ಮಂಚದ ಹತ್ತಿರ ಕರೆದು, ಬ್ರೇಕಿನ ಬಿಲ್ಲೆ ಬಿಚ್ಚಿಕೊಂಡು ಬಾ ಎಂದರು. ತಂದುಕೊಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ನನ್ನ ಕೈಯಲ್ಲಿಟ್ಟು, "ಮೂಸು" ಎಂದರು. ಸುಟ್ಟ ವಾಸನೆಯ ಒಳಗೆ ಇನ್ನೊಂದು ವಾಸನೆ ಇತ್ತು.

"ಏನದು?"

"ಕುಸುಬಿ ಎಣ್ಣಿರಿ."

"ಹೂಂ" ಎಂದರು. ಅಡಿಗೆಮನೆಯಲ್ಲಿ ಅವ್ವ ಒಗ್ಗರಣೆ ಹಾಕುತ್ತಿದ್ದಳು. ವೈನಿ ಆ ಕಡೆಗೊಮ್ಮೆ ನೋಡಿ, "ಅತ್ತಿಯವರಿಗೆ ಇದು ಗೊತ್ತಾಗಬಾರದ್ರಿ" ಎಂದರು. ಅವತ್ತಿನಿಂದ ನಾನು ಅವರ ಬಾಯಲ್ಲಿ ತಮ್ಮ ಆಗಿ ಉಳಿಯಲಿಲ್ಲ. ನೀವು, ಬರ್ರಿ, ಹೋಗ್ರಿ.

ಮಾತಿನ ಪ್ರಕಾರ ಸೈಕಲ್ಲು ನನ್ನದಾಯಿತು. ಕೊಟ್ಟುಬಿಡಿ ಎಂದವರು ವೈನಿಯೇ. ಅಣ್ಣ ಬೇಡವೆಂದ, ಅವರು ಕೇಳಲಿಲ್ಲ. ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು, ಅವರ ಮೈಗೆ ಹೊಂದಿಸಿದ್ದ ಸೈಕಲ್ಲನ್ನು ನನ್ನ ಮೈಗೆ ಹೊಂದಿಸುವುದನ್ನು ಮುಂದೆ ನಿಂತಂತೆ ಹೇಳಿಕೊಟ್ಟರು. ಅವರ ಸೀಟು ಬಿಚ್ಚಿದೆ. ಹ್ಯಾಂಡಲ್ ಹಿಡಿಯುವ ಗಿಡ್ಡ ಕೊಂಡಿ ತೆಗೆದು ಉದ್ದದ್ದು ಹಾಕಿದೆ. ಪೆಡಲಿನ ತೋಳು ಬದಲಾಯಿತು. ತಾಟು ಹೊಸದು, ಬಿಲ್ಲೆ ಹೊಸದು. "ಅರ್ಧ ಸುತ್ತ ಎಡಕ್ಕ ತಿರವ್ರಿ. ಸಾಕ್ರಿ." ಬಿಚ್ಚಿದ ಒಂದೊಂದನ್ನೂ ಚೀಲದಲ್ಲಿ ಹಾಕಿಸಿ ತಮ್ಮ ಮಂಚದ ಕೆಳಗೆ ಇಡಿಸಿಕೊಂಡರು.

ಆಮೇಲೆ ಐದು ವರ್ಷ ನನ್ನನ್ನು ತಯಾರು ಮಾಡಿದರು. ಕೋಲು ಊರಿಕೊಂಡು ನರೇಗಲ್ ದಾರಿಯ ಸೇತುವೆಯ ಮೇಲೆ ಕೂತು ನನ್ನ ಸುತ್ತುಗಳನ್ನು ಎಣಿಸುತ್ತಿದ್ದರು. ಎಷ್ಟು ತುಳಿಯಬೇಕು, ಏನು ತಿನ್ನಬೇಕು, ಯಾವ ಓಟಕ್ಕೆ ಯಾವ ಟೈರು, ಗಾಳಿ ಎಷ್ಟು, ಎಲ್ಲ ಹೇಳುತ್ತಿದ್ದರು. ಆದರೆ ಬೈಯುತ್ತಿರಲಿಲ್ಲ. ನಾನು ಬೇಕೆಂದೇ ಹೆಣದ ಹಾಗೆ ಕೂತು ತುಳಿದೆ. "ಚಲೋ ಆತ್ರಿ" ಎಂದರು. ಒಮ್ಮೆ ಬಿದ್ದು ಮೊಣಕೈ ಬಿಚ್ಚಿಕೊಂಡು ಬಂದೆ. ಅರಿಸಿನ ಹಚ್ಚಿ, "ನೋವ ಆತೇನ್ರಿ?" ಎಂದು ಕೇಳಿದರು. ಅವತ್ತು ಹಿತ್ತಿಲಿಗೆ ಹೋಗಿ ಅತ್ತೆ.

ಗೆದ್ದೆ. ಹುಬ್ಬಳ್ಳಿಯಲ್ಲಿ ಗೆದ್ದೆ, ಅದೇ ಗಜೇಂದ್ರಗಡದ ಗುಡ್ಡದಲ್ಲೂ ಗೆದ್ದೆ. ಪದಕ ತಂದು ಅವರ ಮುಂದೆ ಇಟ್ಟಾಗ, "ಗೆದ್ರಿ ಅಂತ ನನಗ ಖುಷಿ ಆಗೇದ ಅನಕೋಬ್ಯಾಡ್ರಿ" ಎಂದರು. "ನನ್ನ ಕಾಲ ಹೋಗಿದ್ದಕ್ಕ ಏನರ ಬರಬೇಕಿತ್ತು, ಬಂತು." ಮುಂದೆ ಆಟದ ಕೋಟಾದಲ್ಲೇ ನನಗೆ ಗದಗಿನಲ್ಲಿ ಸರಕಾರಿ ನೌಕರಿ ಸಿಕ್ಕಿತು. ಅವರಿಗೆ ತಪ್ಪಿದ್ದು ನನಗೆ ಬಂತು. ಊರವರು ಮೈದುನನನ್ನು ಉದ್ಧಾರ ಮಾಡಿದ ಸೊಸೆ ಎಂದು ಹೊಗಳುತ್ತಾರೆ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಅವಳ ಬಾಯಲ್ಲಿ ಹಳೆಯದೆಲ್ಲ ಬರುತ್ತಿತ್ತು. "ನನ್ನ ಪೂಜಿ ನನ್ನ ಸೊಸೀನ ಉಳಿಸ್ತು" ಎಂದು ಮತ್ತೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. "ಅವ್ವಾ, ಅವತ್ತ ನಾ…" ಎಂದು ಬಾಯಿ ತೆರೆದೆ. ಗಂಜಿ ತಂದಿದ್ದ ವೈನಿ ನನ್ನ ಹೆಗಲನ್ನು ಉಗುರು ನಾಟುವಂತೆ ಹಿಡಿದು, "ಅತ್ತಿ ಮಲಗ್ಲಿ, ಹೊರಗ ನಡೀರಿ" ಎಂದರು. ಎರಡು ದಿನಕ್ಕೆ ಅವ್ವ ವೈನಿಯ ಕೈ ಹಿಡಿದುಕೊಂಡೇ ಹೋದಳು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ಮಧ್ಯಾಹ್ನ ವೈನಿ ಒಲೆಯ ಮುಂದೆ ಒಬ್ಬರೇ ರೊಟ್ಟಿ ಮಾಡುತ್ತಿದ್ದರು. ನಾನು ಹೋಗಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವ್ವ ಎಣ್ಣೆ ಒರೆಸುವಾಗ ನಿಂತು ನೋಡಿದ್ದು, ಮರೆಯದಿದ್ದದ್ದು, ಸೈಕಲ್ಲಿನ ಆಸೆ, ಎಲ್ಲ. ವೈನಿ ರೊಟ್ಟಿ ತಿರುವಿ ಹಾಕಿದರು.

"ಗೊತ್ತದರಿ. ಗುಡ್ಡದ ಮ್ಯಾಲ ನೀರ ಹಿಡದು ನಿಂತಿದ್ರೆಲ್ಲ, ಅವಾಗ ನಿಮ್ಮ ಮಾರಿ ನೋಡಿದೆ. ಅಲ್ಲೇ ಗೊತ್ತಾತು."

"ಗೊತ್ತಾಗಿನೂ ಯಾಕ ಇಳದ್ರಿ ವೈನಿ?"

"ಮೂರನೇದಾಕಿ ಇದ್ದೆ" ಎಂದರು.

"ಒಂದ ಸಲ ಬೈರಿ. ಬೇಕಾದ್ರ ಹೊಡೀರಿ. ಹಿಂಗ ರಿ ಹಚ್ಚಿ ಮಾತಾಡಬ್ಯಾಡ್ರಿ" ಎಂದು ಅವರ ಕಾಲು ಹಿಡಿದೆ. ಕೈಗೆ ಸಿಕ್ಕಿದ್ದು ಗಿಡ್ಡ ಕಾಲು. ವೈನಿ ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

"ಬೈದ್ರ ನಿಮಗ ಹಗರ ಆಗ್ತದ. ಅದಕ್ಕ ಬಯ್ಯಂಗಿಲ್ರಿ."

ಗಂಗಾಳದಲ್ಲಿ ಎರಡು ರೊಟ್ಟಿ, ಪಲ್ಯ, ಮೊಸರು ಬಡಿಸಿ ನನ್ನ ಮುಂದೆ ಸರಿಸಿದರು. "ಆರ್ತಾವ, ಉಣ್ರಿ" ಎಂದರು.